ದೀಪದ ಪೆಟ್ಟಿಗೆಯ ಪರೀಕ್ಷೆ

ಮಕ್ಕಳ ಬುದ್ಧಿ ಅಳೆಯಲು ಹೋದ ಮಾಸ್ತರನ ಬುದ್ಧಿಯನ್ನೇ ಊರಿನವರು ಅಳೆದು ಕಳಿಸುವುದು ನಮ್ಮ ನೌಕರಿಯಲ್ಲಿ ನಡೆಯುತ್ತಲೇ ಇರುತ್ತದೆ. ನನ್ನ ಪಾಲಿಗೆ ಅದು ಒಂದೇ ವರ್ಷದಲ್ಲಿ ನಾಲ್ಕು ಸಲ ನಡೆಯಿತು.

ನಾನು ಸೇಡಂನಲ್ಲಿ ಗಣಿತದ ಮಾಸ್ತರ. ಭಿನ್ನರಾಶಿ ಕಲಿಸಲೆಂದು ಒಂದು ಪೆಟ್ಟಿಗೆ ಮಾಡಿದ್ದೆ. ಅದರ ಮೇಲೆ ರೊಟ್ಟಿಯಷ್ಟಗಲದ ದುಂಡನೆಯ ತಗ್ಗು. ಅದರಲ್ಲಿ ಕೂಡುವಂತೆ ಅರ್ಧ, ಕಾಲು, ಅರೆಕಾಲು ಅಳತೆಯ ಕಟ್ಟಿಗೆಯ ತುಂಡುಗಳು. ಲೆಕ್ಕಕ್ಕೆ ಸರಿಯಾದ ತುಂಡು ಇಟ್ಟರೆ ಮುಂಭಾಗದಲ್ಲಿ ಹಸಿರು ದೀಪ ಹತ್ತುತ್ತದೆ. ತಪ್ಪಿದರೆ ಕೆಂಪು ದೀಪ, ಜೊತೆಗೆ ಕುಂಯ್ ಎಂಬ ಸದ್ದು. ಎರಡು ಬೇಸಿಗೆ ರಜೆ ಇದಕ್ಕೇ ಹೋದವು. ನಮ್ಮ ಮನೆಯ ಮಿಕ್ಸರಿನ ವೈರು ಈಗಲೂ ಅದರೊಳಗೇ ಇದೆ.

ನಮ್ಮ ಶಿಕ್ಷಣ ಇಲಾಖೆಯ ಸಾಹೇಬರು ನೋಡಿ, “ಛಂದ ಅದ. ಆದ್ರ ಛಂದ ಅದ ಅಂತ ಮಂಜೂರಿ ಕೊಡ್ಲಿಕ್ಕೆ ಬರಲ್ಲ. ನಾಕು ಸಾಲ್ಯಾಗ ಪರೀಕ್ಷಾ ಮಾಡಿ ತೋರಸ್ರಿ,” ಎಂದರು. ಪ್ರತಿ ಶಾಲೆಯಲ್ಲೂ ‘ಅ’ ವಿಭಾಗಕ್ಕೆ ಪೆಟ್ಟಿಗೆಯಿಂದ ಪಾಠ, ‘ಬ’ ವಿಭಾಗಕ್ಕೆ ಬರೀ ಕರಿಹಲಗೆಯ ಪಾಠ. ಎರಡಕ್ಕೂ ಮೊದಲೊಂದು, ಕೊನೆಗೊಂದು ಪರೀಕ್ಷೆ. ‘ಅ’ದವರು ಮುಂದೆ ಬಂದರೆ ಪೆಟ್ಟಿಗೆ ಎಲ್ಲ ಶಾಲೆಗೂ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಮನೆಯ ಅಟ್ಟಕ್ಕೆ.

೧. ಸಾಲಿಯ ಇಜ್ಜತ್

ಚಿತ್ತಾಪುರ ಕಡೆಯ ಶಾಲೆಯಲ್ಲಿ ಮೊದಲ ಪರೀಕ್ಷೆಯಲ್ಲೇ ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು. ನಾನು ಕಣ್ಣುಜ್ಜಿಕೊಂಡು ಹೆಡ್‌ಮಾಸ್ತರರನ್ನು ಕೇಳಿದೆ.

“ನೀವು ದೂರಿಂದ ಬರ್ಲಿಕತ್ತೀರಿ. ಬಂದವರ ಮುಂದ ಸಾಲಿ ಇಜ್ಜತ್ ಹೋಗಬಾರದಲ್ರಿ. ಉತ್ತರ ಎಲ್ಲಾ ನಾನೇ ಹಲಗಿ ಮ್ಯಾಲ ಬರ್ದಿದ್ದೆ,” ಎಂದರು.

ಹದಿನೈದು ದಿನ ಪೆಟ್ಟಿಗೆ ಇಟ್ಟು ಪಾಠ ಮಾಡಿದೆ. ಕೊನೆಯ ಪರೀಕ್ಷೆಗೆ ನಾನೇ ಹಲಗೆಯ ಮುಂದೆ ಕಾವಲು ನಿಂತೆ. ಇಪ್ಪತ್ತು ಬಂದವರಿಗೆಲ್ಲ ಹನ್ನೊಂದು, ಹನ್ನೆರಡು ಬಂತು. ಕಾಗದದ ಪ್ರಕಾರ ನನ್ನ ಪೆಟ್ಟಿಗೆ ಮಕ್ಕಳನ್ನು ದಡ್ಡರನ್ನಾಗಿ ಮಾಡಿತ್ತು. ಹೆಡ್‌ಮಾಸ್ತರರು ನನಗೆ ಚಹಾ ತರಿಸಿ ಬೆನ್ನು ಚಪ್ಪರಿಸಿದರು.

“ಮನಸ್ಸಿಗಿ ಹಚ್ಕೋಬ್ಯಾಡ್ರಿ. ಹೊಸದಾಗಿ ಕಲಸೋವಾಗ ಎಲ್ಲಾರಿಗೂ ಹಿಂಗೇ ಆಗ್ತದ.”

೨. ಎಷ್ಟು ಬರಬೇಕು?

ಈ ಪಾಠ ಕಲಿತ ನಾನು ವಾಡಿ ಹತ್ತಿರದ ಶಾಲೆಯ ಹೆಡ್‌ಮೇಡಂಗೆ ಮೊದಲೇ ಹೇಳಿಬಿಟ್ಟೆ: “ಮೊದಲ ಪರೀಕ್ಷಾದಾಗ ಅಂಕ ಕಮ್ಮಿ ಬಂದ್ರೂ ಚಿಂತಿ ಇಲ್ರಿ. ಕಮ್ಮಿ ಇದ್ದಷ್ಟೂ ಛಲೋ.”

ಹೋಗಿ ನೋಡಿದರೆ ಎಲ್ಲರ ಕಾಗದವೂ ಖಾಲಿ. ಒಬ್ಬ ಹುಡುಗಿ ಮಾತ್ರ ಮೂಲೆಯಲ್ಲಿ ಅಳುತ್ತಿದ್ದಳು. ಯಾಕವ್ವ ಎಂದರೆ, “ಮೇಡಂ ಏನೂ ಬರೀಬ್ಯಾಡ್ರಿ ಅಂದಾರ್ರಿ. ನನಗ ಎಲ್ಲಾ ಬರ್ತದ. ಸುಮ್ಮ ಕೂಡ್ಲಿಕ್ಕೆ ಆಗವಲ್ದು.”

ನಾನು ತಲೆ ಹಿಡಿದುಕೊಂಡು ಹೊರಗೆ ಬಂದೆ. ಮೇಡಂ ಗೇಟಿನ ತನಕ ಹಿಂದೆಯೇ ಬಂದು, “ಸರ್, ಎರಡನೇ ಪರೀಕ್ಷಾದಾಗ ಎಷ್ಟು ಬರಬೇಕು ಅಂತ ಈಗೇ ಹೇಳಿ ಹೋಗ್ರಿ. ಮತ್ತ ಫೋನ್ ಮಾಡೋದು ಬ್ಯಾಡ,” ಎಂದರು.

೩. ಕುಂಯ್

ಶಹಾಬಾದಿನಲ್ಲಿ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಆದರೂ ಪೆಟ್ಟಿಗೆಯ ಮುಂದೆ ಬಂದ ಮಕ್ಕಳೆಲ್ಲ ತಪ್ಪೇ ಮಾಡುತ್ತಿದ್ದರು. ಜಾಣನೆನಿಸಿಕೊಂಡವನೂ ಅರ್ಧ ಕೇಳಿದರೆ ಕಾಲು ಇಡುತ್ತಿದ್ದ. ಕರೆದು ಕೇಳಿದೆ.

“ಉತ್ತರ ಗೊತ್ತದ್ರಿ ಸರ್. ಆದ್ರ ಹಸರು ದೀಪ ಸುಮ್ಮ ಹತ್ತತದ. ಕೆಂಪು ಹತ್ತಿದ್ರ ಕುಂಯ್ ಅಂತದಲ್ರಿ!”

ಅವತ್ತೇ ಮನೆಗೆ ಬಂದು ಆ ಕುಂಯ್ ಕಿತ್ತು ಹಾಕಿದೆ.

೪. ಹೊರಗಿನವರು

ಇನ್ನು ಉಳಿದದ್ದು ಚಿಂಚೋಳಿ ಕಡೆಯ ಒಂದೇ ಶಾಲೆ. ಇದೂ ಕೈಕೊಟ್ಟರೆ ಅಟ್ಟವೇ ಗತಿ. ಯಾರಿಗೂ ಏನೂ ಹೇಳದೆ, ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದೆ. ಮೊದಲ ಪರೀಕ್ಷೆಯಲ್ಲಿ ಎರಡೂ ವಿಭಾಗ ಸಮ ಸಮ. ಕೊನೆಯ ಪರೀಕ್ಷೆಯಲ್ಲಿ ‘ಅ’ದವರು ಸ್ವಲ್ಪ ಮುಂದೆ ಬಂದಿದ್ದರು. ಪೆಟ್ಟಿಗೆಯನ್ನು ಮುಟ್ಟಿಯೇ ಇರದ ‘ಬ’ದವರು ಅವರನ್ನೂ ದಾಟಿ ಬಹಳ ಮುಂದೆ ಹೋಗಿದ್ದರು. ನನಗೆ ಅಳುವೇ ಬಂತು.

‘ಬ’ ವಿಭಾಗದ ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. “ನಿಮಗ ಇಷ್ಟು ಹ್ಯಾಂಗ ಬಂತವ್ವ?”

“ನಿಮ್ಮ ಪೆಟ್ಟಿಗಿ ನೋಡೇ ಕಲ್ತೇವ್ರಿ. ನೀವು ‘ಅ’ದವ್ರಿಗಿ ಪಾಠ ಮಾಡೋವಾಗ ನಮಗ ಆಟದ ಪಿರಿಯಡ್ ಇರ್ತದ. ಎಲ್ಲಾರೂ ಹಿಂದಿನ ಕಿಡಕಿಗಿ ನಿಂದರ್ತಿದ್ದಿವಿ.”

“ಹಂಗಾರ ಒಳಗಿದ್ದವ್ರಿಗಿ ಯಾಕ ಕಮ್ಮಿ ಬಂತು?”

“ಒಳಗಿನವ್ರಿಗಿ ದೀಪ ಹೇಳ್ತದಲ್ರಿ. ನಮ್ಮ ಕಡಿಗಿ ಪೆಟ್ಟಿಗಿ ಬೆನ್ನು. ದೀಪ ಕಾಣಂಗಿಲ್ಲ. ಸರಿ ಅದನೋ ತಪ್ಪದನೋ ಅಂತ ನಾವೇ ಲೆಕ್ಕ ಮಾಡಿ ಜಗಳಾಡ್ತಿದ್ದಿವಿ.”

ಕಿಟಕಿಗೆ ಹೋಗಿ ನಿಂತು ನೋಡಿದೆ. ಖರೆ ಇತ್ತು. ತುಂಡುಗಳು ಚೆನ್ನಾಗಿ ಕಾಣುತ್ತಿದ್ದವು, ದೀಪ ಕಾಣುತ್ತಿರಲಿಲ್ಲ. ಕುಂಯ್ ಎನ್ನುವುದನ್ನು ನಾನೇ ಕಿತ್ತು ಹಾಕಿದ್ದೆ.

ಇದ್ದದ್ದು ಇದ್ದಂತೆಯೇ ಬರೆದು ಸಾಹೇಬರ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು.

“ಅಂದ್ರ ಪೆಟ್ಟಿಗಿ ಉಪಯೋಗ ಅದ?”

“ಅದ್ರಿ.”

“ಒಳಗ ಕುಂತವ್ರಿಗಿ?”

“ಸ್ವಲ್ಪ ಅದ್ರಿ.”

“ಹೊರಗ ನಿಂತವ್ರಿಗಿ?”

“ಭಾಳ ಅದ್ರಿ.”

ಅಟ್ಟ ಕಣ್ಣ ಮುಂದೆ ಬಂತು. ಸಾಹೇಬರು ಕನ್ನಡಕ ಒರೆಸಿಕೊಂಡು, ಪೆನ್ನು ತೆಗೆದು, ಫೈಲಿನ ಮೇಲೆ ಒಂದು ಸಾಲು ಬರೆದು ಸಹಿ ಹಾಕಿ ನನ್ನ ಕಡೆ ತಿರುಗಿಸಿದರು.

‘ಮಂಜೂರು. ಕಿಟಕಿ ಇರುವ ಶಾಲೆಗಳಿಗೆ ಮಾತ್ರ.’