ಸುಲ್ತಾನನಿಗೆ ಐಸು

"ಮೀನಿನ ವಿಷಯ ನನಗೆ ಹೇಳಿಕೊಡುದು ಬೇಡ!"

ಕಡಬ ಪೇಟೆಯ ಮೀನಿನಂಗಡಿ ಹಕೀಮಾಕ ಹೀಗೆ ಗರ್ಜಿಸಿದ್ದು ಯಾವ ಗಿರಾಕಿಯ ಮೇಲೂ ಅಲ್ಲ, ಸ್ವಂತ ಮಗಳು ಅಮೀರಾಳ ಮೇಲೆ. ಶಾಲೆಗೆ ರಜೆ ಸಿಕ್ಕಿತ್ತು. ಅಮೀರಾ ತನ್ನ ಮಗಳು ಸುಹಾನಾಳನ್ನು ಕರೆದುಕೊಂಡು ಕಡಲಾಚೆಯ ದಮ್ಮಾಮಿನಲ್ಲಿರುವ ಗಂಡ ನೌಷಾದನ ಹತ್ತಿರ ಹೊರಟು ನಿಂತಿದ್ದಳು. ಬ್ಯಾಗು, ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ ಎಲ್ಲ ಕಾರು ಹತ್ತಿತ್ತು. ಹತ್ತದೆ ಉಳಿದದ್ದು ಒಂದೇ, ಸುಹಾನಾಳ ಮೀನು ಸುಲ್ತಾನ್.

ಸುಲ್ತಾನ್ ಆಸ್ಕರ್ ಎಂಬ ಜಾತಿಯವ. ಅಂಗೈಯಗಲದ ಕಪ್ಪು ಮೈ, ಅದರ ಮೇಲೆ ಕಿತ್ತಳೆ ಬಣ್ಣದ ಗೀಟು, ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಗತ್ತು. ಊಟದ ಕೋಣೆಯಲ್ಲಿ, ಮೇಜಿನ ಎದುರಿಗೇ ಅವನ ಗಾಜಿನ ಅರಮನೆ.

"ಉಪ್ಪಾ, ಬೆಳಿಗ್ಗೆ ನಾಲ್ಕು ಕಾಳು, ಸಾಯಂಕಾಲ ನಾಲ್ಕು ಕಾಳು. ಬೇರೆ ಎಂತದಕ್ಕೂ ಕೈ ಹಾಕ್ಬೇಡಿ, ಆಯ್ತಾ?" ಎಂದು ಅಮೀರಾ ಅಪ್ಪನಿಗೆ ಹೇಳಿದ್ದಳು.

"ಅಲ್ಲ ಮಾರಾಯ್ತಿ, ನಾನು ತೊಟ್ಟಿಲಿಗಿಂತ ಹೆಚ್ಚು ಮಲಗಿದ್ದು ಮೀನಿನ ಬುಟ್ಟಿಯ ಪಕ್ಕ! ಕಣ್ಣು ಮುಚ್ಚಿಕೊಂಡು, ಬರೀ ವಾಸನೆ ಮೇಲೆ ಇದು ಮಲ್ಪೆಯದ್ದಾ ಮಂಗಳೂರಿನದ್ದಾ ಹೇಳ್ತೇನೆ. ನಿನ್ನ ಸುಲ್ತಾನನ ಒಂದು ಚಿಪ್ಪು ಅಲುಗಿದ್ರೆ ನನ್ನನ್ನು ಕೇಳು!"

ಸುಹಾನಾ ಮಾತ್ರ ಗರ್ಜನೆಗೆ ಮರುಳಾಗಲಿಲ್ಲ. ಅಜ್ಜನ ಗಡ್ಡ ಹಿಡಿದು, "ಅಜ್ಜಾ, ನಾನು ಬರುವಾಗ ಇವ ಇರ್ಬೇಕು" ಎಂದಳು. ಹಕೀಮಾಕನ ಎದೆ ಕರಗಿ ನೀರಾಯಿತು. ಮೊಮ್ಮಗಳ ತಲೆ ಮುಟ್ಟಿ ಮಾತು ಕೊಟ್ಟೇಬಿಟ್ಟರು.

ಅವರ ಹೆಂಡತಿ ನೆಬೀಸ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿದರು, ಏನೂ ಹೇಳಲಿಲ್ಲ. ಆ ಹೆಂಗಸು ಏನೂ ಹೇಳದಿದ್ದಾಗಲೇ ಹೆದರಬೇಕಾದದ್ದು ಎಂಬುದು ಮದುವೆಯಾಗಿ ಇಷ್ಟು ವರ್ಷ ಕಳೆದರೂ ಹಕೀಮಾಕನ ತಲೆಗೆ ಹೋಗಿಲ್ಲ.

ಸೆಖೆ ಅಂದರೆ ಸೆಖೆ! ಫ್ಯಾನು ಹಾಕಿದರೆ ಬಿಸಿಗಾಳಿಯೇ ಸುತ್ತಿ ಸುತ್ತಿ ಬಂದು ಮುಖಕ್ಕೆ ಬಡಿಯುತ್ತಿತ್ತು. ಅಂಥ ಒಂದು ಮಧ್ಯಾಹ್ನ ಹಕೀಮಾಕ ಅಂಗಡಿ ಮುಚ್ಚಿ ಬಂದು, ಟ್ಯಾಂಕಿನ ಎದುರು ಕುರ್ಚಿ ಎಳೆದು ಕೂತರು. ಸುಲ್ತಾನ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಹಕೀಮಾಕನಿಗೆ ಗಾಬರಿಯಾಯಿತು. ಅವರ ಅಂಗಡಿಯ ಮೀನುಗಳು ಹೀಗೆಲ್ಲ ಮಾಡುವುದಿಲ್ಲ. ತೆರೆದ ಬಾಯಿ ತೆರೆದೇ ಇರುತ್ತದೆ, ಮುಚ್ಚಿದ ಬಾಯಿ ಮುಚ್ಚಿಯೇ ಇರುತ್ತದೆ.

"ನೆಬೀಸಾ! ಇವನಿಗೆ ಸೆಖೆ ತಡೀಲಿಕ್ಕೆ ಆಗ್ತಾ ಇಲ್ಲ. ಏದುಸಿರು ಬಿಡ್ತಾ ಇದ್ದಾನೆ!"

"ಅದು ಉಸಿರಾಡುದು. ನೀವೂ ಹಾಗೇ ಮಾಡ್ತೀರಿ. ರಾತ್ರಿ ಶಬ್ದ ಬೇರೆ."

"ನಿನಗೆಂತ ಗೊತ್ತು ಮೀನಿನ ವಿಷಯ! ಮಾರುವ ಮೀನಿಗೇ ದಿನಾ ಬುಟ್ಟಿಗಟ್ಟಲೆ ಐಸು ಸುರೀತೇನೆ. ಮನೆಯ ಮಗುವಿನ ಹಾಗಿರುವ ಮೀನಿಗೆ ಒಂದು ಬೊಗಸೆ ಐಸು ಇಲ್ಲವಾ?"

ಸ್ಕೂಟರ್ ಹತ್ತಿ ಹೋಗಿ ಥರ್ಮಾಕೋಲ್ ಪೆಟ್ಟಿಗೆ ತುಂಬ ಐಸು ತಂದರು. ಒಂದು ಬೊಗಸೆಗೆ ನಿಲ್ಲುವ ಕೈಯಾ ಅದು? ದಾನಶೂರರ ಕೈ! ಪೆಟ್ಟಿಗೆಯೇ ಬರಿದಾಯಿತು. ಸುಲ್ತಾನನ ಓಡಾಟ ನಿಧಾನವಾಯಿತು. ಬಾಯಿ ಬಡಿಯುವುದು ಕಡಿಮೆಯಾಯಿತು. ಮೆಲ್ಲ ಮೆಲ್ಲನೆ ಇಳಿದು ಟ್ಯಾಂಕಿನ ತಳದಲ್ಲಿ ಕೂತ.

"ನೋಡು, ನೋಡು, ಎಷ್ಟು ಆರಾಮ! ಪಾಪ, ಇಷ್ಟು ದಿನ ಯಾರಿಗೂ ಗೊತ್ತೇ ಆಗ್ಲಿಲ್ಲ" ಎಂದು ಹೇಳಿ ಹಕೀಮಾಕ ತಾವೂ ಚಾಪೆ ಹಾಸಿ ಮಲಗಿದರು.

ಎದ್ದು ನೋಡಿದರೆ ಸುಲ್ತಾನನೂ ಮಲಗಿದ್ದ. ಅಡ್ಡಕ್ಕೆ!

ಮನೆಯಲ್ಲಿ ಹಾಹಾಕಾರವೆದ್ದಿತು. ಹಕೀಮಾಕ ತೋಳು ಮೇಲೇರಿಸಿ ಟ್ಯಾಂಕಿಗೆ ಕೈ ಹಾಕಿ ಪರೀಕ್ಷೆಗೆ ಇಳಿದರು. ಹೆಬ್ಬೆರಳಿನಲ್ಲಿ ಕಿವಿರು ಎತ್ತಿದರು, ಕಣ್ಣು ನೋಡಿದರು, ಬೆನ್ನು ಒತ್ತಿದರು. ಮುಖ ಅರಳಿತು.

"ಕಿವಿರು ಕೆಂಪು ಉಂಟು. ಕಣ್ಣು ಪಳಪಳ ಹೊಳೀತದೆ. ಒತ್ತಿದ್ರೆ ಗಟ್ಟಿ. ಪಕ್ಕಾ ಫ್ರೆಶ್, ಇವತ್ತು ಬೆಳಿಗ್ಗೆಯ ಮಾಲು!"

"ಫ್ರೆಶ್ ಉಂಟಾ ಅಂತ ಯಾರು ಕೇಳಿದ್ದು? ಜೀವ ಉಂಟಾ ಹೇಳಿ!"

ಹಕೀಮಾಕ ತಬ್ಬಿಬ್ಬಾದರು. ಜೀವ ಉಂಟಾ ಎಂದು ನೋಡುವುದು ಹೇಗೆ? ಆ ಪ್ರಶ್ನೆಯನ್ನು ಯಾವ ಗಿರಾಕಿಯೂ ಇದುವರೆಗೆ ಕೇಳಿದ್ದಿಲ್ಲ. ಅಷ್ಟರಲ್ಲಿ ಸುಲ್ತಾನ್ ಒಂದು ರೆಕ್ಕೆ ಅಲುಗಿಸಿದ. "ಅಲ್‌ಹಮ್ದುಲಿಲ್ಲಾಹ್!" ಎಂದು ಹಕೀಮಾಕ ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡರು.

ರಾತ್ರಿಯ ಊಟಕ್ಕೆ ಕೂತಾಗ ಎರಡನೆಯ ಪೆಟ್ಟು ಬಿತ್ತು. ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ ಉಂಟು, ಪಕ್ಕದಲ್ಲಿ ಬಸಳೆ ಉಂಟು. ಮಧ್ಯಾಹ್ನ ತಂದಿಟ್ಟ ಬೂತಾಯಿ ಮೀನು ಎಲ್ಲಿ?

"ಬೂತಾಯಿ ಆಚೆಮನೆಗೆ ಕೊಟ್ಟೆ" ಎಂದರು ನೆಬೀಸ. "ರೋಗಿಯ ಮುಖದ ಎದುರೇ ಅವನ ಜಾತಿಯವರನ್ನು ಹುರಿದು ತಿನ್ನುದಾ? ಮನುಷ್ಯತ್ವ ಬೇಡವಾ? ಸುಲ್ತಾನನಿಗೆ ಹುಷಾರಾಗುವವರೆಗೆ ಈ ಮನೆಯಲ್ಲಿ ಮೀನು ಬೇಯುದಿಲ್ಲ."

"ಟ್ಯಾಂಕಿಗೆ ಒಂದು ಬಟ್ಟೆ ಮುಚ್ಚಿದ್ರೆ ಆಗುದಿಲ್ಲವಾ?"

"ವಾಸನೆಗೆ ಎಂತ ಮುಚ್ಚುದು?"

ಮೀನಿಲ್ಲದೆ ಹಕೀಮಾಕನಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೋಟೆಲಿಗೆ ಹೋಗೋಣವೇ? ಮೀನಿನಂಗಡಿಯವ ಹೋಟೆಲಿನಲ್ಲಿ ಮೀನು ತಿಂದರೆ ಊರು ಸುಮ್ಮನಿರುತ್ತದಾ? ಸ್ವಂತ ಅಂಗಡಿಯ ಮೀನು ಅವರಿಗೇ ಬೇಡವಂತೆ ಎಂದು ಪಕ್ಕದೂರು ಪಂಜದವರೆಗೆ ಸುದ್ದಿ ಹೋಗುತ್ತದೆ. ಹಾಗಾಗಿ ಒಂದು ಕಡೆ ಮೊಮ್ಮಗಳಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಸ್ವಂತ ಹೊಟ್ಟೆ, ಎರಡೂ ಸುಲ್ತಾನನ ಕೈಯಲ್ಲಿ, ಅಂದರೆ ರೆಕ್ಕೆಯಲ್ಲಿ ಸಿಕ್ಕಿಬಿದ್ದವು!

ಬೆಳಗಾದದ್ದೇ ಹಕೀಮಾಕ ಪುತ್ತೂರಿನ ಬಸ್ಸು ಹತ್ತಿದರು. ಅಲ್ಲಿ ಸುಪ್ರಿತಾ ಎಂಬ ಹುಡುಗಿ ಸಾಕುವ ಮೀನಿನ ಅಂಗಡಿ ಇಟ್ಟುಕೊಂಡಿದ್ದಾಳೆ. ಸುಲ್ತಾನ್ ಬಂದದ್ದೂ ಅಲ್ಲಿಂದಲೇ.

"ನೀರಿಗೆ ಎಂತಾದ್ರೂ ಹಾಕಿದ್ರಾ?" ಎಂದು ಕೇಳಿದಳು ಸುಪ್ರಿತಾ.

"ಎಂತ ಹಾಕ್ಲಿಕ್ಕೆ... ಹಾಗೆ ವಿಶೇಷ ಎಂತದೂ ಇಲ್ಲ... ಸ್ವಲ್ಪ ಐಸು."

"ಐಸಾ? ಎಂತಕ್ಕೆ?"

ಹಕೀಮಾಕನ ಬಾಯಿಂದ ಇಷ್ಟು ವರ್ಷದ ಅಭ್ಯಾಸದ ಉತ್ತರ ತಾನಾಗಿ ಹೊರಬಿತ್ತು. "ಹಾಳಾಗದ ಹಾಗೆ."

ಸುಪ್ರಿತಾ ತಿರುಗಿ ಗೋಡೆ ನೋಡಿಕೊಂಡು ಸ್ವಲ್ಪ ಹೊತ್ತು ನಿಂತಳು. ಅವಳ ಹೆಗಲು ಮಾತ್ರ ಅಲುಗುತ್ತಿತ್ತು. ಆಮೇಲೆ ಒಂದು ಹೀಟರ್ ತೆಗೆದುಕೊಟ್ಟು, "ಇದನ್ನು ಹಾಕಿ. ನೀರು ಮೆಲ್ಲ ಬೆಚ್ಚಗಾಗ್ತದೆ. ಬೇರೆ ಎಂತದೂ ಬೇಡ" ಎಂದಳು.

"ಸ್ವಲ್ಪ ಉಪ್ಪು ಹಾಕಿದ್ರೆ?"

"ಐಸಾಯ್ತು, ಈಗ ಉಪ್ಪಾ? ಮತ್ತೆ ಮೆಣಸು, ಹುಳಿ, ತೆಂಗಿನಕಾಯಿ ಎಲ್ಲ ನೀವೇ ಅರೆದು ಹಾಕಿಬಿಡಿ ಹಕೀಮಾಕ!"

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತದ್ದು ಉದಯಶಂಕರ ಮಾಸ್ಟ್ರು. ಅಂಗಡಿಯ ಕಾಯಂ ಗಿರಾಕಿ, ಊರಿನ ಕಾಯಂ ವಾರ್ತಾವಾಚಕ.

"ಪೊಟ್ಟಣದಲ್ಲಿ ಎಂತ ಹಕೀಮಾಕ?"

"ಹೀಟರ್."

"ಈ ಸೆಖೆಗೆ ಹೀಟರಾ? ಯಾರಿಗೆ ಮಾರಾಯ್ರೆ?"

"ಮೀನಿಗೆ. ಹುಷಾರಿಲ್ಲ."

ಮಾಸ್ಟ್ರು ಹಕೀಮಾಕನ ಹಣೆ ಮುಟ್ಟಿ ನೋಡಿದರು. ಆಮೇಲೆ ಇಡೀ ದಾರಿ ಒಂದು ಮಾತೂ ಆಡಲಿಲ್ಲ. ಆಡುವುದನ್ನೆಲ್ಲ ಕಡಬದಲ್ಲಿ ಇಳಿದ ಮೇಲೆ ಆಡಿದರು.

ಮರುದಿನ ಅಂಗಡಿಯಲ್ಲಿ ಬಂಗುಡೆ ರಾಶಿ ಹಾಕಿ ಕೂತರೆ ಬಂದವರೆಲ್ಲ ದೂರ ನಿಂತು ಕುತ್ತಿಗೆ ಉದ್ದ ಮಾಡುತ್ತಿದ್ದರು. ಕೊನೆಗೆ ಹತ್ತಿರ ಬಂದವರು ವಾಸಂತಿಯಕ್ಕ.

"ಹಕೀಮಾಕ, ಇದರಲ್ಲಿ ಹುಷಾರಿಲ್ಲದ್ದು ಯಾವುದು? ಅದು ಬೇಡ, ಬೇರೆ ಕೊಡಿ."

"ಅಕ್ಕಾ, ಇದೆಲ್ಲ ಸತ್ತ ಮೀನು! ಸತ್ತದ್ದಕ್ಕೆ ಎಂತ ಕಾಯಿಲೆ?"

"ಹಾಗಾದ್ರೆ ಕಾಯಿಲೆಯಲ್ಲೇ ಸತ್ತದ್ದಾ?"

ಹಕೀಮಾಕನ ತಲೆ ಗಿರ್ರೆಂದಿತು. ಮನೆಯಲ್ಲಿ ಮೀನು ಬದುಕಬೇಕು, ಅಂಗಡಿಯಲ್ಲಿ ಮೀನು ಸತ್ತಿರಬೇಕು, ಆದರೆ ಆರೋಗ್ಯವಾಗಿ ಸತ್ತಿರಬೇಕು! ಯಾವುದಕ್ಕೆ ಬಿಸಿ, ಯಾವುದಕ್ಕೆ ಐಸು ಎಂಬುದೇ ಕಲಸಿಹೋಯಿತು. ಬಂಗುಡೆಯ ಮೇಲೆ ಐಸು ಸುರಿಯುವ ಮೊದಲು ಅದರ ಬಾಯಿ ಅಲುಗುತ್ತದಾ ಎಂದು ನೋಡಿದರು. ತೂಕ ಮಾಡುವಾಗ ಬಾಯಿಂದ "ಪಾಪ" ಎಂದು ಬಂತು. ಅದನ್ನು ಕೇಳಿ ಇನ್ನಿಬ್ಬರು ಗಿರಾಕಿಗಳು ಹಿಂದೆ ಸರಿದರು.

ಮನೆಯಲ್ಲಿ ಸುಲ್ತಾನ್ ಮಾತ್ರ ಏಳಲಿಲ್ಲ. ಹೀಟರ್ ಉರಿಯಿತು, ನೀರು ಬೆಚ್ಚಗಾಯಿತು, ನೆಬೀಸ ಬಸಳೆ ಬಿಟ್ಟು ಹಾಗಲಕಾಯಿಗೆ ಹೋದರು, ಹಾಗಲಕಾಯಿ ಬಿಟ್ಟು ನುಗ್ಗೆಸೊಪ್ಪಿಗೆ ಬಂದರು. ಹಕೀಮಾಕ ಬೆಳಿಗ್ಗೆ ಏಳುವಾಗ ಅವ ಅಡ್ಡ. ಮಧ್ಯಾಹ್ನ ಬರುವಾಗ ಅಡ್ಡ. ರಾತ್ರಿ ಮಲಗುವಾಗಲೂ ಅಡ್ಡ. ದಮ್ಮಾಮಿನಿಂದ ಫೋನು ಬಂದರೆ ಹಕೀಮಾಕ ಅಂಗಳಕ್ಕೆ ಓಡಿ, "ಹಲೋ, ಹಲೋ, ನೆಟ್‌ವರ್ಕ್ ಇಲ್ಲ!" ಎಂದು ಕೂಗಿ ಇಟ್ಟುಬಿಡುತ್ತಿದ್ದರು. ಒಂದು ಸಲ ಸುಹಾನಾ ಹಿಡಿದೇ ಬಿಟ್ಟಳು.

"ಅಜ್ಜಾ, ಸುಲ್ತಾನ್ ಎಂತ ಮಾಡ್ತಾ ಇದ್ದಾನೆ?"

"ಮಲಗಿದ್ದಾನೆ ಮಗಳೇ."

ಅದರಲ್ಲಿ ಸುಳ್ಳಿಲ್ಲ. ಆದರೂ ಹಕೀಮಾಕನ ಕಣ್ಣು ತುಂಬಿ ಬಂತು. ಟ್ಯಾಂಕಿನ ಗಾಜಿಗೆ ಮುಖ ಒತ್ತಿ ಬೇಡಿಕೊಂಡರು. "ಎದ್ದೇಳು ಮಾರಾಯ, ಆ ಮಗುವಿಗೆ ನಾನು ಎಂತ ಹೇಳ್ಲಿ? ನನ್ನಿಂದ ತಪ್ಪಾಯ್ತು. ಇನ್ನು ಐಸಿನ ಸುದ್ದಿಗೆ ಬರುದಿಲ್ಲ." ಸುಲ್ತಾನ್ ಒಂದು ಕಣ್ಣಲ್ಲಿ ನೋಡಿದ, ಇನ್ನಷ್ಟು ಚಪ್ಪಟೆಯಾಗಿ ಮಲಗಿದ.

ಒಂದು ದಿನ ಅಂಗಡಿಯಲ್ಲಿ ನೊಣ ಓಡಿಸಿ ಓಡಿಸಿ ಸಾಕಾಗಿ ಹಕೀಮಾಕ ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಸ್ಕೂಟರು ಗೇಟಿನ ಹೊರಗೇ ನಿಲ್ಲಿಸಿ ಬರುವಾಗ ಊಟದ ಕೋಣೆಯಿಂದ ನಗು ಕೇಳಿಸಿತು. ಕಿಟಕಿಯಲ್ಲಿ ಇಣುಕಿದರು.

ಯಾ ಅಲ್ಲಾಹ್!

ಸುಲ್ತಾನ್ ಓಡುತ್ತಿದ್ದಾನೆ! ಆ ಮೂಲೆಯಿಂದ ಈ ಮೂಲೆಗೆ, ಮೇಲೆ ಕೆಳಗೆ, ಮದುಮಗನ ಹಾಗೆ ಮೆರೆಯುತ್ತಿದ್ದಾನೆ! ನೆಬೀಸ ಒಂದು ಕೈಯಲ್ಲಿ ಕಾಳು ಹಾಕುತ್ತಾ, ಇನ್ನೊಂದು ಕೈಯಲ್ಲಿ ಫೋನನ್ನು ಟ್ಯಾಂಕಿಗೆ ತೋರಿಸುತ್ತಿದ್ದಾರೆ. ಫೋನಿನೊಳಗಿಂದ ಸುಹಾನಾ ಚಪ್ಪಾಳೆ ತಟ್ಟುತ್ತಿದ್ದಾಳೆ.

ಹಕೀಮಾಕ ಒಳಗೆ ನುಗ್ಗಿದರು. ಅವರ ಗಡ್ಡ ಕಂಡದ್ದೇ ತಡ, ಸುಲ್ತಾನ್ ಸರ್ರನೆ ತಳಕ್ಕಿಳಿದು ಅಡ್ಡ ಮಲಗಿಬಿಟ್ಟ.

"ಅಜ್ಜ ಬಂದ್ರಾ?" ಎಂದು ಫೋನಿನಿಂದ ಸ್ವರ ಬಂತು. "ಅಜ್ಜಾ, ನೀವು ಐಸು ಹಾಕಿದ್ದಲ್ಲವಾ? ಅದಕ್ಕೆ ಅವನಿಗೆ ನಿಮ್ಮ ಮೇಲೆ ಸಿಟ್ಟು!" ಹಿಂದಿನಿಂದ ಅಮೀರಾ ಮತ್ತು ನೌಷಾದ್ ನಗುವುದೂ ಕೇಳಿತು. ನೆಬೀಸ ಮೆಲ್ಲ ಫೋನು ಇಟ್ಟರು.

"ಇವ ಹುಷಾರಾದದ್ದು ಯಾವಾಗ?" ಎಂದರು ಹಕೀಮಾಕ.

"ಹೀಟರ್ ತಂದ ಮರುದಿನವೇ. ಈ ಜಾತಿಯ ಮೀನಿಗೆ ಮುನಿಸು ಜಾಸ್ತಿಯಂತೆ. ನೀವು ಹೊರಗೆ ಹೋದ ಕೂಡಲೇ ಏಳ್ತಾನೆ, ಬಂದ ಕೂಡಲೇ ಮಲಗ್ತಾನೆ."

"ಮತ್ತೆ ನನಗೆ ಹೇಳ್ಲಿಲ್ಲ ಯಾಕೆ? ನಾನಿಲ್ಲಿ ಸೊಪ್ಪು ತಿಂದು ತಿಂದು ಆಡಿನ ಹಾಗೆ ಆದೆನಲ್ಲ!"

ನೆಬೀಸ ತಮ್ಮ ಎರಡೂ ಅಂಗೈ ಗಂಡನ ಮೂಗಿನ ಎದುರು ಹಿಡಿದರು.

"ಮೂಸಿ ನೋಡಿ. ವಾಸನೆ ಮೇಲೆ ಎಲ್ಲ ಹೇಳ್ತೀರಲ್ಲ?"

ಹಕೀಮಾಕ ಮೂಸಿದರು. ಇನ್ನೊಮ್ಮೆ ಮೂಸಿದರು. "ಎಂತ ವಾಸನೆಯೂ ಇಲ್ಲ."

"ಇಲ್ಲ ಅಲ್ವಾ? ನಿಮ್ಮನ್ನು ಮದುವೆಯಾದ ಮೇಲೆ ಇದೇ ಮೊದಲು."

ಹಕೀಮಾಕ ಕುರ್ಚಿಯಲ್ಲಿ ಕುಸಿದರು. ಅಂಗಡಿಯಲ್ಲಿ ಊರವರಿಗೆಲ್ಲ ಮೀನು ಕೊಯ್ದು, ತೊಳೆದು, ತುಂಡು ಮಾಡಿ ಕೊಡುವವರು ಅವರು. ಮನೆಗೆ ಮಾತ್ರ ಬೂತಾಯಿಯನ್ನು ಇಡಿಯಾಗಿಯೇ ತಂದು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟು ಚಾಪೆ ಹುಡುಕುತ್ತಿದ್ದರು. ಅದು ಬಟ್ಟಲಿಗೆ ಬರುವ ಮೊದಲು ಯಾರ ಕೈಯಿಂದ ಹಾದು ಬರುತ್ತದೆ ಎಂದು ಯೋಚಿಸಿದವರೇ ಅಲ್ಲ. ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು.

"ಇನ್ನು ಮನೆಯ ಮೀನೂ ನಾನೇ ಕೊಯ್ದು ತರ್ತೇನೆ" ಎಂದರು, ಸಣ್ಣ ಸ್ವರದಲ್ಲಿ.

"ಕೊಯ್ಯುದು ಮಾತ್ರವಾ? ಇವತ್ತು ಹುರಿಯುದೂ ನೀವೇ. ಮೀನಿನ ವಿಷಯ ನಿಮಗೆ ಯಾರೂ ಹೇಳಿಕೊಡ್ಬೇಕಂತ ಇಲ್ಲ ಅಲ್ವಾ?"

ಸಾಯಂಕಾಲ ಹಕೀಮಾಕ ಬಂಗುಡೆಗೆ ಮಸಾಲೆ ಮೆತ್ತಿ, ಲುಂಗಿ ಎತ್ತಿ ಕಟ್ಟಿ, ಒಲೆಯ ಎದುರು ಯುದ್ಧಕ್ಕೆ ನಿಂತರು. ಎಣ್ಣೆ ಚಟಪಟ ಸಿಡಿಯಿತು. ಹೊಗೆ ಎದ್ದಿತು. ಮಗುಚಲು ಹೋದರೆ ಬಂಗುಡೆಯ ತಲೆ ಒಂದು ಕಡೆ ಬಂತು, ಬಾಲ ಇನ್ನೊಂದು ಕಡೆ ಉಳಿಯಿತು, ನಡುಭಾಗ ಕಾವಲಿಯನ್ನೇ ತಬ್ಬಿಕೊಂಡಿತು. ಹಕೀಮಾಕ ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ, ಸಟ್ಟುಗ ಹಿಡಿದುಕೊಂಡೇ ಊಟದ ಕೋಣೆಯ ಬಾಗಿಲಿಗೆ ಓಡಿ ಬಂದರು. ಅವರ ಅವತಾರ ನೋಡಿದ ಸುಲ್ತಾನ್ ಗಾಜಿನ ಹತ್ತಿರ ಬಂದು ನಿಂತ. ಮೊದಲ ಸಲ, ಅವರನ್ನು ಕಂಡರೂ ಮಲಗಲಿಲ್ಲ.

"ನೆಬೀಸಾ, ಕರಟಿ ಹೋಗ್ತಾ ಉಂಟು! ಎಂತ ಮಾಡುದು, ಬೇಗ ಹೇಳು ಮಾರಾಯ್ತಿ!"

ನೆಬೀಸ ಸುಲ್ತಾನನಿಗೆ ಇನ್ನೊಂದು ಕಾಳು ಹಾಕುತ್ತಾ, ಹಿಂದೆ ತಿರುಗಿ ಕೂಡ ನೋಡದೆ ಹೇಳಿದರು.

"ಸ್ವಲ್ಪ ಐಸು ಹಾಕಿ."