ಮಾವ ಕುಳಿತ ಡೆನ್ಮಾರ್ಕ್ ಕುರ್ಚಿ

"ಇವತ್ತ ಮಾವಾರನ್ನ ಗೆದ್ದು ತೋರಸ್ತೀನಿ, ನೋಡ್ತಿರು!" ಎಂದು ಗೋಕಾಕಿನ ಉಮೇಶ ಬೆಳಗ್ಗೆಯೇ ಹೆಂಡತಿಯೆದುರು ಶಪಥ ಮಾಡಿದ. ತಮ್ಮ ಒಪ್ಪಿಗೆ ಕೇಳದೆ ಮಗಳನ್ನು ಮದುವೆಯಾದ ಈ ಅಳಿಯನ ಹೊಸ್ತಿಲನ್ನು ಮಸಗುಪ್ಪಿಯ ಮಾಲಿಂಗಪ್ಪ ಈವರೆಗೆ ತುಳಿದಿರಲಿಲ್ಲ. ಇಂದು ಮೊದಲ ಸಲ ಬರುವವರಿದ್ದರು. ಮಗಳು ಸುವರ್ಣಾ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು.

"ಅಪ್ಪಗ ಕೆಳಗ ಕಂಬಳಿ ಹಾಸ್ರಿ, ಸಾಕು."

"ಕಂಬಳಿ? ಮನ್ಯಾಗ ಡೆನ್ಮಾರ್ಕ್ ಕುರ್ಚಿ ಇಟಗೊಂಡು?"

ಆ ಕುರ್ಚಿ ಉಮೇಶನ ಪ್ರಾಣ. ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಸಿಂಹಾಸನ! ಬೆನ್ನು, ಎರಡೂ ಕೈ, ಎಲ್ಲ ಒಂದೇ ಕಟ್ಟಿಗೆ. ಉಗಿಯಲ್ಲಿ ಮೆತ್ತಗೆ ಮಾಡಿ ಬಿಲ್ಲಿನಂತೆ ಬಗ್ಗಿಸಿದ್ದು. ದಿನಾ ಒರೆಸಿ ಮಿರಿಮಿರಿ ಮಿಂಚಿಸುತ್ತಿದ್ದ ಉಮೇಶನಿಗೆ ಅದರ ಮೇಲೆ ತಾನು ಕೂಡಲೂ ಧೈರ್ಯವಿರಲಿಲ್ಲ.

ಮಾಲಿಂಗಪ್ಪ ಬಂದರು. ಅಳಿಯನ ಮುಖ ನೋಡಲಿಲ್ಲ. ಕುರ್ಚಿಯಲ್ಲಿ ಕುಳಿತವರೇ ರೂಢಿಯಂತೆ ಎರಡೂ ಕಾಲು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿದರು. ಮೊಣಕಾಲುಗಳು ಕುರ್ಚಿಯ ಕೈಗಳಡಿ ತೂರಿಕೊಂಡವು. ಚಹಾ ಮುಗಿಸಿ ಏಳಲು ಹೋದರೆ, ಕಾಲು ಹೊರಗೆ ಬಾರದು!

ಉಮೇಶ ಎಳೆದ. ಕೊಬ್ಬರಿ ಎಣ್ಣೆ ಸುರಿದ. ಉಗಿಗೆ ಬಗ್ಗಿದ ಕಟ್ಟಿಗೆ ಉಗಿಗೇ ಬಿಚ್ಚಿಕೊಳ್ಳಬೇಕೆಂದು ಕುದಿಯುವ ನೀರಿನ ಪಾತೆಲಿ ತಂದು ಮೊಣಕಾಲಿನ ಬಳಿ ಹಿಡಿದ.

"ಸುವರ್ಣಾ! ನಿನ್ನ ಗಂಡ ನನ್ನ ಇಡ್ಲಿ ಮಾಡಾಕತ್ತಾನಲ್ಲಬೇ!" ಎಂದು ಮಾಲಿಂಗಪ್ಪ ಗುಡುಗಿದರು. "ಇದರಾಗಿಂದ ಒಮ್ಮೆ ಹೊರಗ ಬರ್ತೀನಿ, ಮತ್ತ ಈ ಕಡೆ ಹಾಯಂಗಿಲ್ಲ!"

ಸುವರ್ಣಾಳ ಕಣ್ಣು ತುಂಬಿದವು. ಒಳಗಿಂದ ಗರಗಸ ತಂದು ಗಂಡನ ಮುಂದೆ ಹಿಡಿದಳು.

"ಕುರ್ಚಿ ಬೇಕೋ, ನಮ್ಮಪ್ಪ ಬೇಕೋ? ಈಗ ಹೇಳ್ರಿ."

ಉಮೇಶ ಗರಗಸ ಕೈಗೆ ತೆಗೆದುಕೊಂಡ. ಕುರ್ಚಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಕಣ್ಣು ಮುಚ್ಚಿ ಗರಗಸ ಆಡಿಸಿದ. ಒಂದೊಂದು ಎಳೆತಕ್ಕೂ ತನ್ನ ಪಕ್ಕೆಲುಬೇ ಕೊಯ್ದಂತಾಯಿತು. ಠಪ್! ಕುರ್ಚಿಯ ಕೈ ತುಂಡಾಯಿತು.

ಮಾಲಿಂಗಪ್ಪ ಎದ್ದು ಧೋತರ ಕೊಡವಿದರು. ಮೊದಲ ಸಲ ಅಳಿಯನ ಮುಖ ನೋಡಿ ಹೆಗಲ ಮೇಲೆ ಕೈಯಿಟ್ಟರು.

"ಉಂಡ ಹೋಗ್ತೀನಿ, ಅಳಿಯಾ. ಬರೂ ಅಮಾಸಿಗಿ ಆಕಿನ್ನ ಕರಕೊಂಡು ಊರಿಗೆ ಬಾ."

ಸುವರ್ಣಾ ಗಳಗಳ ಅತ್ತುಬಿಟ್ಟಳು. ಉಮೇಶನೂ ಕಣ್ಣೊರೆಸಿಕೊಂಡ. ಕುರ್ಚಿಗೋ, ಮಾವನಿಗೋ ಅವನಿಗೇ ತಿಳಿಯಲಿಲ್ಲ.

ಮಾಲಿಂಗಪ್ಪ ಬಗ್ಗಿ ಕುರ್ಚಿಯ ಅಡಿ ಬೆರಳು ತೋರಿಸಿದರು.

"ಇಲ್ಲಿ ಸ್ಕ್ರೂ ಅದಾವ ನೋಡು. ಬಿಚ್ಚಿದ್ರ ಬೆನ್ನು, ಕೈ ಎಲ್ಲಾ ಇಡಿಯಾಗಿ ಸಲೀಸ ಮ್ಯಾಲೆ ಬರತಿತ್ತು. ನನ್ನ ಬೆರಳಿಗೆ ಆಗಳೇ ಹತ್ತಿದ್ವು."

"ಗೊತ್ತಿದ್ದೂ ಯಾಕ ಹೇಳಲಿಲ್ರಿ, ಮಾವಾರ?"

"ಹೇಳಿದ್ರ ನೀ ಗರಗಸ ಹಿಡೀತಿದ್ದೇನು? ನಾ ಬಂದದ್ದ ಅದನ್ನ ನೋಡಾಕಪಾ!"