ಗಡ್ಡ ಬಿಟ್ಟವನ ಕತ್ತಿ ವ್ಯಾಪಾರ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕುರಿ ಕಾಯುತ್ತಲೇ ಬಿ.ಎಸ್ಸಿ. ಮುಗಿಸಿದೆನೆಂದು ಯಾರೂ ಕೇಳದಿದ್ದರೂ ಹೇಳುತ್ತೇನೆ, ಈಗಲೂ ಹೇಳಿಬಿಟ್ಟೆ. ಅಂಥವನು ಹಗರಿಬೊಮ್ಮನಹಳ್ಳಿಯಲ್ಲಿ ಗೆಳೆಯ ರಫೀಕನ ಲೇತ್ ಅಂಗಡಿಯ ಮೂಲೆ ಹಿಡಿದು, ಹಳೇ ಕಾಲದ ಮಡಚುವ ಕ್ಷೌರದ ಕತ್ತಿ ಮಾಡಲು ಕೂತದ್ದೇಕೆಂದು ಕೇಳಬೇಡಿ. ಕಲಿತವನ ತಲೆಗೆ ಒಂದು ವಿಚಾರ ಹೊಕ್ಕರೆ ಕುರಿಯ ಕಿವಿಗೆ ಉಣ್ಣಿ ಕಚ್ಚಿದಂತೆ, ಸುಲಭಕ್ಕೆ ಬಿಡುವುದಿಲ್ಲ.

ಉಕ್ಕು ಹದಕ್ಕೆ ಬಂತು, ಅಲಗು ಹೊಳೆಯಿತು. ಕಷ್ಟ ಮುಗಿಯಿತೆಂದುಕೊಂಡೆ. ನಮ್ಮ ಸೀಮೆಯಲ್ಲಿ ಕತ್ತಿ ಮಾಡುವುದಕ್ಕಿಂತ ಅದನ್ನು ಇನ್ನೊಬ್ಬರಿಗೆ ದಾಟಿಸುವುದೇ ಕಷ್ಟವೆಂದು ಮಾರಲು ಹೊರಟಾಗ ತಿಳಿಯಿತು. ಅಪ್ಪನಿಗೆ ಮೊದಲಿಂದ ಕ್ಷೌರ ಮಾಡುವ ಹನುಮಂತಣ್ಣನ ಅಂಗಡಿಗೆ ಹೋದದ್ದು ಶನಿವಾರ. ಶನಿವಾರ ಕಬ್ಬಿಣ ಕೊಳ್ಳಬಾರದಂತೆ. ಮಂಗಳವಾರ ಹೋದರೆ ಬೀಗ. ಅಂದು ಕ್ಷೌರದಂಗಡಿಗಳಿಗೆಲ್ಲ ರಜೆಯೆಂಬುದು ಪದವೀಧರನ ತಲೆಯಲ್ಲಿರಲಿಲ್ಲ. ಬುಧವಾರ ಹೋಗಿ ಕತ್ತಿ ಚಾಚಿದೆ. ಅವನು ಕೈಕಟ್ಟಿ ನಿಂತ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ನಮ್ಮವ್ವನೂ ಕುಡುಗೋಲನ್ನು ನೆಲಕ್ಕಿಟ್ಟೇ ಕೊಡುವವಳು. ವ್ಯಾಪಾರದ ಹುರುಪಿನಲ್ಲಿ ಮರೆತಿದ್ದೆ. ಬೆಂಚಿನ ಮೇಲಿಟ್ಟೆ. ಹನುಮಂತಣ್ಣ ಎತ್ತಿಕೊಂಡು, ತಿರುಗಿಸಿ ನೋಡಿ, ಚಲೋ ಐತಿ ಅಂದ. ಆದರೆ ಈಗಿನ ಗಿರಾಕಿಗಳು ಕಣ್ಣೆದುರೇ ಹೊಸ ಬ್ಲೇಡು ಮುರಿದು ಹಾಕಿದರಷ್ಟೇ ಕುತ್ತಿಗೆ ಒಡ್ಡುತ್ತಾರಂತೆ. ಈ ಕತ್ತಿಗೆ ಯಾರಾದರೂ ಮೊದಲು ಕೂತು ತೋರಿಸಬೇಕಂತೆ. ಹೇಳುತ್ತ ಹೇಳುತ್ತ ಅವನ ಕಣ್ಣು ಎದೆ ಮುಟ್ಟುವ ನನ್ನ ಗಡ್ಡದ ಮೇಲೆ ನಿಂತಿತು.

"ತಮ್ಮಾ, ಕತ್ತಿ ನಿಂದು, ಗಡ್ಡಾನೂ ನಿಂದ. ಕುಂದ್ರು ಬಾ. ನಿನ್ನ ಗಲ್ಲ ನುಣ್ಣಗಾದ್ರ ನಾನೂ ಒಂದು ತಗೋತೀನಿ, ಕೊಟ್ಟೂರು, ಹಡಗಲಿ ಮಂದಿಗೂ ಹೇಳತೀನಿ."

ನನ್ನ ಉಕ್ಕಿನ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು, ಎದುರಿನ ಕನ್ನಡಿ ನೋಡಿ, ಗಡ್ಡದ ಹಿಂದೆ ನನಗೂ ಒಂದು ಗಂಟಲಿದೆಯೆಂದು ನೆನಪಾಗುವವರೆಗೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಬ್ಯಾಡಣ್ಣ. ಕತ್ತಿ ಮಾರಾಟ ಆಗೋತನ ಗಡ್ಡ ತೆಗಿಯಂಗಿಲ್ಲ ಅಂತ ಮೈಲಾರಲಿಂಗಗ ಹರಕಿ ಹೊತ್ತೀನಿ."

ಕ್ಷೌರದಂಗಡಿಯಲ್ಲಿ ಆಡಿದ ಮಾತು ಬಸ್ಸಿಗಿಂತ ಮೊದಲು ಊರು ಸೇರುತ್ತದೆ. ನಾನು ನಮ್ಮೂರು ಕೋಗಳಿಯಲ್ಲಿ ಇಳಿದು ಮನೆಗೆ ಬರುವಷ್ಟರಲ್ಲಿ ಅವ್ವ ದೇವರಿಗೆ ದೀಪ ಹಚ್ಚಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕಲಿತ ಮಗನಿಗೆ ದೇವರೆಂದರೆ ಅಷ್ಟಕ್ಕಷ್ಟೇ ಎಂದು ಇಷ್ಟು ದಿನ ಕೊರಗಿದವಳು. ಹರಕೆ ತೀರುವತನಕ ಗಡ್ಡಕ್ಕೆ ಕೈ ಹಚ್ಚಿದರೆ ನೋಡು ಎಂದು ಎಚ್ಚರಿಸಿದಳು. ಕಟ್ಟೆಯ ಮೇಲೆ ಕುರಿ ಉಣ್ಣೆಯ ಕತ್ತರಿ ಮಸೆಯುತ್ತಿದ್ದ ಅಪ್ಪ ತಲೆ ಎತ್ತದೆ, "ನಮ್ಮ ಟಗರೂ ಹಿಂಗ ಲೇ, ಕತ್ತರಿ ಕಂಡ್ರ ಸಾಕು, ಭಕ್ತಿ ಬರತೈತಿ" ಅಂದ.

ಈಗ ನನ್ನ ಉದ್ಯಮ ನಿಂತಿರುವುದು ಹೀಗೆ: ನಾನು ಗಡ್ಡ ತೆಗೆಸದೆ ಕತ್ತಿ ಮಾರಾಟವಾಗುವುದಿಲ್ಲ, ಕತ್ತಿ ಮಾರಾಟವಾಗದೆ ಅವ್ವ ಗಡ್ಡ ತೆಗೆಸಲು ಬಿಡುವುದಿಲ್ಲ. ಹರಕೆ ಯಾವತ್ತು ತೀರಿದರೂ ನನ್ನ ಕತ್ತಿಯಿಂದಲೇ ಬೋಳಿಸುವುದಾಗಿ ಹನುಮಂತಣ್ಣ ಊರ ಮುಂದೆ ಮಾತು ಕೊಟ್ಟಿದ್ದಾನೆ. ಅಂದಿನಿಂದ ಅದೇ ಕತ್ತಿಯನ್ನು ದಿನಾ ಮಸೆಯುತ್ತಿದ್ದೇನೆ. ನೋಡಿದಷ್ಟೂ ಅದರಲ್ಲಿ ಊನಗಳು ಕಾಣುತ್ತಿವೆ. ಬೇರೆಯವರ ಕುತ್ತಿಗೆಗೆಂದು ಮಾಡಿದಾಗ ಒಂದೂ ಕಂಡಿರಲಿಲ್ಲ.